ಮನವಿ ಪತ್ರ ತಲುಪುವ ಹೊತ್ತಿಗೆ ಮಸೂದೆ ಎಲ್ಲಿರುತ್ತದೆ?

ದಾವಣಗೆರೆಯ ಜಯದೇವ ವೃತ್ತದಲ್ಲಿ ನಡೆಯುವ ಪ್ರತಿಭಟನೆಗಳಿಗೆ ಒಂದು ಸಿದ್ಧ ಕ್ರಮವಿದೆ. ಬೆಳಿಗ್ಗೆ ಜನ ಸೇರುತ್ತಾರೆ, ಧಿಕ್ಕಾರ ಕೂಗುತ್ತಾರೆ, ನಾಲ್ಕಾರು ಮುಖಂಡರು ಮಾತಾಡುತ್ತಾರೆ. ಆಮೇಲೆ ಉಪವಿಭಾಗಾಧಿಕಾರಿ ಕಚೇರಿಗೋ ಜಿಲ್ಲಾಧಿಕಾರಿ ಕಚೇರಿಗೋ ಹೋಗಿ, 'ಮಾನ್ಯ ಮುಖ್ಯಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳ ಮುಖಾಂತರ' ಎಂದು ಬರೆದ ಮನವಿ ಪತ್ರ ಕೊಡುತ್ತಾರೆ. ಚಿತ್ರದುರ್ಗದಲ್ಲಾದರೆ ಒನಕೆ ಓಬವ್ವ ವೃತ್ತ, ಮಿಕ್ಕಿದ್ದೆಲ್ಲ ಇದೇ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ.

ಬೀದಿಗಿಳಿಯುವುದನ್ನು ಹಗುರ ಮಾಡಿ ಹೇಳುವ ಮಾತಲ್ಲ ಇದು. ಈ ಎರಡು ಜಿಲ್ಲೆಗಳ ರೈತ, ದಲಿತ, ಕಾರ್ಮಿಕ ಚಳವಳಿಗಳಿಲ್ಲದೆ ರಾಜ್ಯದ ಎಷ್ಟೋ ಕಾನೂನುಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ಶಾಸನದ ವಿಷಯ ಬಂದಾಗ ನಮ್ಮ ಮನವಿ ಪತ್ರ ಬಹುಪಾಲು ಸಲ ತಡವಾಗಿ ಹೊರಡುತ್ತದೆ, ಅದೂ ಸಂಬಂಧವಿಲ್ಲದ ಕಚೇರಿಗೆ. ಜಿಲ್ಲಾಧಿಕಾರಿಗೆ ಕಾಯ್ದೆಯ ಒಂದು ಅಲ್ಪವಿರಾಮ ತಿದ್ದುವ ಅಧಿಕಾರವೂ ಇಲ್ಲ. ಸುದ್ದಿ ಓದಿ ನಾವು ಬೀದಿಗೆ ಬರುವಷ್ಟರಲ್ಲಿ ಮಸೂದೆ ಸದನದಲ್ಲಿರುತ್ತದೆ, ಇಲ್ಲವೇ ಸದನ ದಾಟಿ ರಾಜಭವನದಲ್ಲಿರುತ್ತದೆ. ಪ್ರಜೆಯ ಮಾತಿಗೆ ಬೆಲೆ ಸಿಗುವ ಗಳಿಗೆಗಳು ಎರಡು: ಮಸೂದೆ ಸಚಿವ ಸಂಪುಟಕ್ಕೆ ಹೋಗುವ ಮೊದಲು, ಮತ್ತು ಕಾಯ್ದೆಯಾದ ಮೇಲೆ ಅದರಡಿ ನಿಯಮ ಬರೆಯುವಾಗ. ಎರಡೂ ಹೊತ್ತಿನಲ್ಲಿ ಟಿವಿ ಕ್ಯಾಮೆರಾ ಇರುವುದಿಲ್ಲ. ಅದಕ್ಕೇ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮೊದಲಿಗೆ, ನಾವು ವಿರೋಧಿಸುತ್ತಿರುವುದು ಯಾವುದನ್ನು ಎಂದು ನೋಡಿಕೊಳ್ಳಬೇಕು. ಕಾಯ್ದೆಯೋ, ಕಾಯ್ದೆಯಡಿಯ ನಿಯಮವೋ, ಅಧಿಸೂಚನೆಯೋ, ಬರೀ ಸರ್ಕಾರಿ ಆದೇಶವೋ? 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಕುಡಿಯುವ ನೀರಿನ ಪೈಪ್ ಹಾಕುವುದರ ವಿರುದ್ಧ ದಾವಣಗೆರೆಯ ಅಚ್ಚುಕಟ್ಟು ರೈತರು ಸಿಡಿದೆದ್ದರಲ್ಲ, ಅದು ಶಾಸನದ ಪ್ರಶ್ನೆಯೇ ಆಗಿರಲಿಲ್ಲ. ಯೋಜನೆಗೆ ಕೊಟ್ಟ ಆಡಳಿತಾತ್ಮಕ ಒಪ್ಪಿಗೆಯ ಪ್ರಶ್ನೆ. ಅದನ್ನು ನಿಲ್ಲಿಸಲು ಸದನ ಬೇಕಿಲ್ಲ, ಸಚಿವರ ಮಟ್ಟದಲ್ಲಿ ಒತ್ತಡ ಸಾಕು. ಆದರೆ ಅದೇ ನಾಲೆಗೆ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತುವವರಿಂದ ಕೊನೆ ಭಾಗದ ಗದ್ದೆಗಳಿಗೆ ನೀರು ಬರುತ್ತಿಲ್ಲ ಎಂಬ ದೂರು ಮಾತ್ರ ನೇರ ಶಾಸನಕ್ಕೆ ಸೇರಿದ್ದು. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿದ್ದು ಇಂಥ ಕೊನೆ ಭಾಗದ ರೈತರ ಹೆಸರಿನಲ್ಲೇ. ನಾಲೆ ಒಂದೇ, ರೈತರೂ ಅವರೇ. ಆದರೆ ಎರಡಕ್ಕೂ ತಟ್ಟಬೇಕಾದ ಬಾಗಿಲು ಬೇರೆ ಬೇರೆ.

ಇನ್ನು ಸದನ. ಅಲ್ಲೇ ಎಲ್ಲವೂ ನಿರ್ಧಾರವಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ: ಮಂಡನೆ, ಪರ್ಯಾಲೋಚನೆ, ಕಲಮುವಾರು ಚರ್ಚೆ, ಅಂಗೀಕಾರ, ಆಮೇಲೆ ಪರಿಷತ್ತಿನಲ್ಲಿ ಇನ್ನೊಂದು ಸುತ್ತು. ಕಾಗದದ ಮೇಲೆ ಇದು ಈಗಲೂ ನಿಜ. ನಡೆಯುವುದು ಹೇಗೆಂಬುದಕ್ಕೆ 2025ರ ಮಾರ್ಚ್ 21 ಸಾಕು. ಹನಿಟ್ರ್ಯಾಪ್ ಆರೋಪದ ಗದ್ದಲ, ಸಭಾಧ್ಯಕ್ಷರ ಪೀಠದ ಮುಂದೆ ಹರಿದ ಕಾಗದ, 18 ಶಾಸಕರ ಅಮಾನತು. ಅದೇ ದಿನ ಸರ್ಕಾರಿ ಗುತ್ತಿಗೆಗಳಲ್ಲಿನ ಮೀಸಲಾತಿಗೆ ಸಂಬಂಧಿಸಿದ ಮಸೂದೆಯೂ ಪಾಸಾಯಿತು, ಶಾಸಕ-ಸಚಿವರ ಸಂಬಳ ಭತ್ಯೆ ಹೆಚ್ಚಿಸುವ ಮಸೂದೆಗಳೂ ಪಾಸಾದವು. 'ಪರವಾಗಿರುವವರು ಹೌದು ಎನ್ನಿ' ಅಂದರೆ ಮುಗಿಯಿತು. ಗದ್ದಲದಲ್ಲಿ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಎಂದು ಕೇಳಿದವರಿಲ್ಲ. ಧ್ವನಿಮತಕ್ಕೆ ದಾಖಲೆಯೂ ಇರುವುದಿಲ್ಲವಾದ್ದರಿಂದ, ಮುಂದೆ ನಿಮ್ಮ ಕ್ಷೇತ್ರದ ಶಾಸಕರು 'ನಾನು ಒಪ್ಪಿರಲಿಲ್ಲ' ಎಂದರೆ ಅಲ್ಲಗಳೆಯುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ತಮಾಷೆಯ ಕಾನೂನೂ ನಮ್ಮಲ್ಲಿದೆ. ರಾಜ್ಯ ವಿಧಾನಮಂಡಲದಲ್ಲಿ ಸರ್ಕಾರಿ ಕಲಾಪ ನಡೆಸುವ ಬಗ್ಗೆ 2005ರಲ್ಲಿ ಮಾಡಿಕೊಂಡ ಕಾಯ್ದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎನ್ನುತ್ತದೆ ಅದು. ತಾವೇ ಬರೆದ ಈ ಮಾತನ್ನು ಶಾಸಕರು ಪಾಲಿಸಿದ ವರ್ಷಗಳು ಅಪರೂಪ. ದಿನ ಕಮ್ಮಿಯಾದಷ್ಟೂ ಮಸೂದೆಗಳು ಅಧಿವೇಶನದ ಕೊನೆಯ ದಿನಗಳಲ್ಲಿ ರಾಶಿ ಬೀಳುತ್ತವೆ. ಸದನದ ನೇರ ಪ್ರಸಾರ ನೋಡುವವರಿಗೆ ನನ್ನ ಸಲಹೆ ಇಷ್ಟೇ: ಶೂನ್ಯ ವೇಳೆಯ ಕೂಗಾಟ ಬಿಟ್ಟು, ಕೊನೆಯ ಎರಡು ದಿನದ ಮಧ್ಯಾಹ್ನದ ಕಲಾಪ ನೋಡಿ. ಕಾನೂನು ಹುಟ್ಟುವುದು ಆಗ.

ಹಾಗಾದರೆ ಮಸೂದೆಯ ನಿಜವಾದ ಚರ್ಚೆ ಎಲ್ಲಿ? ಇಲಾಖೆಯಲ್ಲಿ. ಸಂಬಂಧಪಟ್ಟ ಇಲಾಖೆ ಪ್ರಸ್ತಾವನೆ ಸಿದ್ಧಪಡಿಸುತ್ತದೆ, ಹಣಕಾಸು ಇಲಾಖೆ ನೋಡುತ್ತದೆ, ಕಾನೂನು ಇಲಾಖೆ ನೋಡುತ್ತದೆ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆ ಭಾಷೆ ಕಟ್ಟುತ್ತದೆ, ಆಮೇಲೆ ಸಂಪುಟ. ಈ ದಾರಿಯಲ್ಲಿ ಯಾರು ಮಾತಾಡಬಲ್ಲರೋ ಅವರ ಮಾತು ಮಸೂದೆಯೊಳಗೆ ಹೋಗುತ್ತದೆ. 2024ರ ಜುಲೈನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಮೀಸಲು ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಐಟಿ ಉದ್ಯಮದ ಸಂಘಟನೆಗಳು ಗದ್ದಲ ಎಬ್ಬಿಸಿದವು. ಎರಡು ಮೂರು ದಿನದೊಳಗೆ ಮಸೂದೆಗೆ ತಡೆ ಬಿತ್ತು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ಹರಿಹರದ ಕಾರ್ಖಾನೆಗಳ ಗೇಟಿನ ಮುಂದೆ ಕೆಲಸಕ್ಕೆ ಕಾದ ಹುಡುಗರಿಗೂ ಅದರ ಬಗ್ಗೆ ಹೇಳುವುದಿತ್ತಲ್ಲ. ಅವರಿಗೆ ಮಸೂದೆ ಬಂದದ್ದೂ ಹೋದದ್ದೂ ಒಂದೇ ದಿನದ ಪತ್ರಿಕೆಯಲ್ಲಿ ಗೊತ್ತಾಯಿತು.

ಅದೇ ಹೊತ್ತಿಗೆ ಇನ್ನೊಂದು ಮಸೂದೆ ಬೇರೆ ದಾರಿ ಹಿಡಿದಿತ್ತು. ಆ್ಯಪ್ ಮೂಲಕ ಊಟ, ಸಾಮಾನು ತಂದುಕೊಡುವವರು, ಕ್ಯಾಬ್ ಓಡಿಸುವವರ ಸಾಮಾಜಿಕ ಭದ್ರತೆಯ ಮಸೂದೆ, ಅಂದರೆ ಗಿಗ್ ಕಾರ್ಮಿಕರ ಮಸೂದೆ. ಕಾರ್ಮಿಕ ಇಲಾಖೆ 2024ರ ಜೂನ್ ಕೊನೆಗೆ ಕರಡನ್ನು ಪ್ರಕಟಿಸಿ ಆಕ್ಷೇಪಣೆ, ಸಲಹೆ ಕೇಳಿತು. ಕಾರ್ಮಿಕ ಸಂಘಟನೆಗಳೂ ಕಂಪನಿಗಳೂ ಬರೆದವು. 2025ರ ಮೇನಲ್ಲಿ ಅದು ಸುಗ್ರೀವಾಜ್ಞೆಯಾಗಿ ಬಂತು, ಅದೇ ವರ್ಷ ಕಾಯ್ದೆಯಾಯಿತು. ಕರಡಿಗೆ ಕೊಟ್ಟ ಕಾಲ ಮಾತ್ರ ಸುಮಾರು ಹತ್ತು ದಿನ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಬೈಕ್ ಓಡಿಸುವ ಹುಡುಗನಿಗೆ ಆ ಹತ್ತು ದಿನದಲ್ಲಿ ಸುದ್ದಿ ಮುಟ್ಟುವುದೇ ಕಷ್ಟ, ಬರೆಯುವುದು ದೂರದ ಮಾತು. ಆದರೂ ಬಾಗಿಲು ತೆರೆದಿತ್ತು ಎಂಬುದು ಸಣ್ಣ ವ್ಯತ್ಯಾಸವಲ್ಲ.

ಕೇಂದ್ರ ಸರ್ಕಾರ 2014ರಲ್ಲಿ ಶಾಸನಪೂರ್ವ ಸಮಾಲೋಚನೆಯ ನೀತಿಯೊಂದನ್ನು ಮಾಡಿಕೊಂಡಿತು. ಕರಡು ಮಸೂದೆ ಕನಿಷ್ಠ 30 ದಿನ ಜನರ ಮುಂದಿರಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಪ್ರಕಟಿಸಬೇಕು ಎನ್ನುತ್ತದೆ. ಕೇಂದ್ರವೇ ಅದನ್ನು ಎಷ್ಟೋ ಸಲ ಮುರಿದಿದೆ. ಮೇಲಾಗಿ ಅದು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ನಮ್ಮ ಕೈಯಲ್ಲಿ ಈಗ ಇರುವುದು ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಂ. ಜನರಿಗೆ ಸಂಬಂಧಿಸಿದ ಮುಖ್ಯ ನೀತಿ ರೂಪಿಸುವಾಗ ಅದರ ಎಲ್ಲ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ ಅದು. ತಾಲ್ಲೂಕು ಕಚೇರಿಯ ಪಹಣಿ ಕಡತಕ್ಕೆ ಅರ್ಜಿ ಹಾಕುವುದರಲ್ಲಿ ನಮ್ಮವರು ಪಳಗಿದ್ದಾರೆ. ಮಸೂದೆಯ ಕರಡಿಗಾಗಿ ಈ ಕಲಂ ಹಿಡಿದು ಕೇಳಿದವರನ್ನು ಕಾಣುವುದು ಕಷ್ಟ.

ಸಮಾಲೋಚನೆಯೇ ಇಲ್ಲದೆ ಬಂದ ಕಾನೂನು ಹೇಗಿರುತ್ತದೆಂದು ಈ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 2020ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ, ಭೂಸುಧಾರಣಾ ತಿದ್ದುಪಡಿ ಸುಗ್ರೀವಾಜ್ಞೆಯಾಗಿ ಬಂತು. ಕೃಷಿಯೇತರ ಆದಾಯ ಮಿತಿ ಮೀರಿದವರು ಮತ್ತು ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79-ಎ, 79-ಬಿ ಕಲಂಗಳು, ಜೊತೆಗೆ 79-ಸಿ, ರದ್ದಾದವು. ಸೆಪ್ಟೆಂಬರ್‌ನಲ್ಲಿ ವಿಧಾನಸಭೆ, ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತು ಒಪ್ಪಿದವು. ಸುಗ್ರೀವಾಜ್ಞೆಯ ಗುಣವೇ ಅದು: ಜುಲೈನಿಂದಲೇ ಅದು ಕಾನೂನು, ಸದನ ಆಮೇಲೆ ಮುದ್ರೆ ಒತ್ತುತ್ತದೆ. ಮಳೆ ನಂಬಿದ ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಎಕರೆಗೆ ಸಿಕ್ಕಿದ ಬೆಲೆಗೆ ಜಮೀನು ಕೊಡಲು ಸಿದ್ಧವಿರುವವರು ಬೇಕಾದಷ್ಟಿದ್ದಾರೆ. ಚಳವಳಿ ಕಾವೇರುವ ಹೊತ್ತಿಗೆ ವ್ಯವಹಾರಗಳು ನೋಂದಣಿ ಕಚೇರಿಗೆ ಬಂದಾಗಿತ್ತು. ಸುಗ್ರೀವಾಜ್ಞೆ ಎಲ್ಲ ಕಾಲಕ್ಕೂ ಕೆಟ್ಟದ್ದು ಎನ್ನಲೂ ಆಗದು. 2025ರ ಫೆಬ್ರುವರಿಯಲ್ಲಿ ಮೈಕ್ರೊಫೈನಾನ್ಸ್ ವಸೂಲಿಗಾರರ ಕಿರುಕುಳ ತಡೆಯಲು ತಂದದ್ದೂ ಸುಗ್ರೀವಾಜ್ಞೆಯೇ. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಕೆಲವೇ ದಿನದಲ್ಲಿ ಸಹಿ ಹಾಕಿದರು. ಮನೆ ಬಾಗಿಲಿಗೆ ಬೀಗ ಜಡಿಯುತ್ತಿರುವಾಗ ಮೂವತ್ತು ದಿನದ ಸಮಾಲೋಚನೆ ನಡೆಸಿ ಎಂದು ಯಾರೂ ಕೇಳುವುದಿಲ್ಲ.

ಪರಿಷತ್ತಿನ ವಿಷಯಕ್ಕೆ ಬಂದೆ, ಅಲ್ಲೇ ಸ್ವಲ್ಪ ನಿಲ್ಲಬೇಕು. 'ಮೇಲ್ಮನೆ ಎಂದರೆ ಸೋತವರ ಪುನರ್ವಸತಿ ಕೇಂದ್ರ' ಎಂಬ ಕುಹಕ ನಮ್ಮಲ್ಲಿ ಹಳೆಯದು. ಸುಳ್ಳೇನಲ್ಲ. ಆದರೆ ಆಳುವ ಪಕ್ಷಕ್ಕೆ ಅಲ್ಲಿ ಬಹುಮತವಿಲ್ಲದ ಕಾಲದಲ್ಲಿ ಅದು ಬೇರೆಯೇ ಜಾಗ. 2023ರ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ಮಸೂದೆ ವಿಧಾನಸಭೆ ದಾಟಿ ಬಂದಾಗ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. 2024ರ ಫೆಬ್ರುವರಿಯಲ್ಲಿ ಮುಜರಾಯಿ ದೇವಸ್ಥಾನಗಳ ಆದಾಯಕ್ಕೆ ಸಂಬಂಧಿಸಿದ ಮಸೂದೆ ಅಲ್ಲಿ ಸೋತೇ ಹೋಯಿತು. ಸರ್ಕಾರ ವಿಧಾನಸಭೆಯಲ್ಲಿ ಅದನ್ನು ಮತ್ತೊಮ್ಮೆ ಅಂಗೀಕರಿಸಬೇಕಾಯಿತು. ಸಂವಿಧಾನದ 197ನೇ ವಿಧಿ ಪರಿಷತ್ತಿಗೆ ಕೊಟ್ಟಿರುವುದು ತಡೆಯುವ ಅಧಿಕಾರವಲ್ಲ, ತಡ ಮಾಡುವ ಅಧಿಕಾರ: ಮೊದಲ ಸುತ್ತಿಗೆ ಮೂರು ತಿಂಗಳು, ಎರಡನೆಯದಕ್ಕೆ ಒಂದು ತಿಂಗಳು. ಹಣಕಾಸು ಮಸೂದೆಗಾದರೆ 14 ದಿನ ಮಾತ್ರ. ಮೆಕ್ಕೆಜೋಳದ ವ್ಯಾಪಾರವನ್ನೇ ನಂಬಿದ ದಾವಣಗೆರೆ ಎಪಿಎಂಸಿಯ ಹಮಾಲರಿಗೂ ದಲಾಲರಿಗೂ ರೈತರಿಗೂ ಮೂರು ತಿಂಗಳು ಸಿಕ್ಕರೆ ಎಷ್ಟು ಬರೆಯಬಹುದು, ಎಷ್ಟು ಜನರನ್ನು ಭೇಟಿಯಾಗಬಹುದು ನೋಡಿ.

ಆದರೆ ನಮ್ಮ ಪರಿಷತ್ ಸದಸ್ಯರು ಯಾರೆಂದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಕ್ಷೇತ್ರ ವಿಂಗಡಣೆಯೂ ಒಂದು ಕಾರಣ. ಚಿತ್ರದುರ್ಗ ಜಿಲ್ಲೆ ಮತ್ತು ದಾವಣಗೆರೆಯ ಹೆಚ್ಚಿನ ಭಾಗ ಆಗ್ನೇಯ ಶಿಕ್ಷಕರ, ಪದವೀಧರರ ಕ್ಷೇತ್ರಗಳಲ್ಲಿವೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜೊತೆ. ಹೊನ್ನಾಳಿ, ಚನ್ನಗಿರಿ ಕಡೆಯವರು ಮಾತ್ರ ಶಿವಮೊಗ್ಗ, ಮಂಗಳೂರಿನವರ ಜೊತೆ ನೈರುತ್ಯದಲ್ಲಿ. ಜಿಲ್ಲೆಯೊಂದು, ಪ್ರತಿನಿಧಿಗಳು ಎರಡು ದಿಕ್ಕಿನವರು. 75 ಸದಸ್ಯರ ಪರಿಷತ್ತಿನಲ್ಲಿ ಪದವೀಧರರಿಂದ 7, ಶಿಕ್ಷಕರಿಂದ 7, ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25, ನಾಮನಿರ್ದೇಶನದಿಂದ 11. ಅಂದರೆ ನಿಮ್ಮೂರಿನ ಗ್ರಾಮ ಪಂಚಾಯಿತಿ ಸದಸ್ಯೆಯೂ ಒಬ್ಬ ಶಾಸನಕರ್ತನನ್ನು ಆರಿಸುವ ಮತದಾರಳು. ಆಕೆಯ ಮನೆಗೆ ಚುನಾವಣೆ ಕಾಲದಲ್ಲಿ ಏನೇನು ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಮಸೂದೆಯೊಂದರ ಬಗ್ಗೆ ಪ್ರಶ್ನೆ ಹೋದದ್ದು ಯಾರಿಗೂ ನೆನಪಿಲ್ಲ.

ಈಗ ಎರಡನೆಯ ಗಳಿಗೆ. ಕಾಯ್ದೆ ಪಾಸಾದ ಮೇಲೆ ಎಲ್ಲ ಮುಗಿಯಿತು ಎಂದು ಚಳವಳಿ ಮನೆಗೆ ಹೋಗುತ್ತದೆ. ನಿಜವಾಗಿ ನೋಡಿದರೆ ಕಾಯ್ದೆಯ ಅರ್ಧ ಆಗಿನ್ನೂ ಬರೆದಿರುವುದೇ ಇಲ್ಲ. 'ನಿಯಮಿಸಬಹುದಾದಂತೆ', 'ಅಧಿಸೂಚನೆಯ ಮೂಲಕ ಸರ್ಕಾರ ನಿರ್ದಿಷ್ಟಪಡಿಸಿದಂತೆ' ಎಂಬ ಮಾತು ಬಂದಲ್ಲೆಲ್ಲ ಒಂದು ಖಾಲಿ ಜಾಗವಿದೆ, ಅದನ್ನು ಮುಂದೆ ಅಧಿಕಾರಿಗಳು ತುಂಬುತ್ತಾರೆ ಎಂದರ್ಥ. ಗಿಗ್ ಕಾರ್ಮಿಕರ ಕಾಯ್ದೆಯನ್ನೇ ನೋಡಿ. ಕಲ್ಯಾಣ ಶುಲ್ಕ ಶೇ 1ರಿಂದ 5ರ ನಡುವೆ ಎಂದಿದೆ. ಒಂದೋ ಐದೋ ಎಂಬುದರಲ್ಲಿ ಕಾರ್ಮಿಕನ ಪಾಲಿಗೆ ಇಡೀ ಕಾಯ್ದೆಯೇ ಅಡಗಿದೆ. ಅದನ್ನು ಹೇಳುವುದು ಅಧಿಸೂಚನೆ. ಹಲವು ಕಾಯ್ದೆಗಳಲ್ಲಿ ನಿಯಮಗಳನ್ನು ಮೊದಲು ಕರಡಾಗಿ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಲೇಬೇಕು ಎಂಬ ಷರತ್ತಿದೆ. ಮಸೂದೆಗಿಲ್ಲದ ಈ ಕಟ್ಟುಪಾಡು ನಿಯಮಕ್ಕಿದೆ. ಕರಡಿನ ಮೇಲ್ಭಾಗದಲ್ಲೇ ಎಷ್ಟು ದಿನದೊಳಗೆ, ಯಾವ ಇಲಾಖೆಯ ಯಾವ ಅಧಿಕಾರಿಗೆ, ಯಾವ ವಿಳಾಸಕ್ಕೆ ಎಂದು ಬರೆದಿರುತ್ತದೆ. ಮನವಿ ಪತ್ರ ಹೋಗಬೇಕಾದದ್ದು ಅಲ್ಲಿಗೆ.

ಈ ಕರಡುಗಳನ್ನು ನಮ್ಮ ಊರಲ್ಲಿ ಯಾರೂ ಓದುವುದಿಲ್ಲ ಎಂದುಕೊಂಡರೆ ತಪ್ಪು. ಓದುವವರಿದ್ದಾರೆ: ಗ್ರಂಥಾಲಯಗಳಲ್ಲಿ ಬೆಳಗಿನಿಂದ ಕೂತಿರುವ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರು. ವೃಂದ ಮತ್ತು ನೇಮಕಾತಿ ಕರಡು ನಿಯಮ ಬಂದ ದಿನವೇ ಅದು ಅವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿರುತ್ತದೆ. ವಯೋಮಿತಿ, ವಿದ್ಯಾರ್ಹತೆ, ಬಡ್ತಿಗೆ ಎಷ್ಟು, ನೇರ ನೇಮಕಾತಿಗೆ ಎಷ್ಟು ಎಂದು ಸಾಲು ಸಾಲಾಗಿ ಬಿಡಿಸುತ್ತಾರೆ. ಹದಿನೈದು ದಿನದ ಗಡುವಿನೊಳಗೆ ಇಂಥ ಕರಡಿಗೆ ಆಕ್ಷೇಪಣೆ ಹೀಗೆ ಬರೆಯಬೇಕೆಂಬ ಮಾದರಿಯೂ ಓಡಾಡುತ್ತದೆ. ಶಾಸನ ರಚನೆಯಲ್ಲಿ ಭಾಗವಹಿಸುವುದೆಂದರೆ ಏನೆಂದು ಸೆಮಿನಾರ್ ಮಾಡುವವರಿಗಿಂತ ಇವರಿಗೆ ಚೆನ್ನಾಗಿ ಗೊತ್ತಿದೆ. ಅದೇ ಹುಡುಗರ ಅಪ್ಪ ಅಮ್ಮ ದುಡಿಯುವ ಹೊಲ, ನಾಲೆ, ಮಾರುಕಟ್ಟೆಯ ನಿಯಮಗಳು ಬಂದಾಗ ಮಾತ್ರ ಆ ಗುಂಪುಗಳು ಸುಮ್ಮನಿರುತ್ತವೆ.

ಆಕ್ಷೇಪಣೆ ಬರೆಯುವ ರೀತಿಯೂ ಮುಖ್ಯ. 'ಈ ಜನವಿರೋಧಿ ಕಾಯ್ದೆಯನ್ನು ಕೂಡಲೇ ಹಿಂಪಡೆಯಬೇಕು' ಎಂಬ ಸಾಲು ಪ್ರತಿಭಟನೆಯ ಫಲಕಕ್ಕೆ ಸರಿ. ಕಡತದಲ್ಲಿ ಅದಕ್ಕೆ 'ಗಮನಿಸಲಾಗಿದೆ' ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಇಂತಿಷ್ಟನೇ ಕಲಮಿನ ಇಂಥ ಉಪಕಲಮಿನಲ್ಲಿ ಈ ಪದದ ಬದಲು ಈ ಪದ ಇರಲಿ, ಕಾರಣ ಇದು, ನಮ್ಮಲ್ಲಿ ಆಗುತ್ತಿರುವುದು ಹೀಗೆ ಎಂದು ಬರೆದರೆ ಅಧಿಕಾರಿ ಅದಕ್ಕೆ ಉತ್ತರ ಯೋಚಿಸಬೇಕಾಗುತ್ತದೆ. ಅಕ್ರಮ ಪಂಪ್‌ಸೆಟ್‌ಗೆ ಶಿಕ್ಷೆ ಹೆಚ್ಚಿಸಿದ್ದು ಸರಿ. ದೂರು ಕೊಡಬೇಕಾದವರು ಯಾರು, ನೀರು ಬಿಡುವ, ಹಂಚುವ ನೀರುಗಂಟಿಯೇ ಇಲ್ಲದ ವಿತರಣಾ ನಾಲೆಯಲ್ಲಿ ಪತ್ತೆ ಮಾಡುವವರು ಯಾರು, ಎಷ್ಟು ದಿನದೊಳಗೆ ಕ್ರಮ? ಮಲೇಬೆನ್ನೂರು ಕಡೆಯ ರೈತ ಇದನ್ನು ಕೇಳುವಷ್ಟು ಸ್ಪಷ್ಟವಾಗಿ ವಿಧಾನಸೌಧದಲ್ಲಿ ಯಾರೂ ಕೇಳಲಾರರು.

ಪದಗಳ ಜಾಗರೂಕತೆ ಇಲ್ಲದಿದ್ದರೆ ಗೆದ್ದ ಹೋರಾಟವೂ ಅರ್ಧಕ್ಕೆ ನಿಲ್ಲುತ್ತದೆ ಎಂಬುದಕ್ಕೆ ಪಿಟಿಸಿಎಲ್ ಕಾಯ್ದೆಗಿಂತ ನೋವಿನ ಉದಾಹರಣೆ ಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾಗಬಾರದು ಎಂದು 1978ರಲ್ಲಿ ಬಂದ ಕಾಯ್ದೆ ಅದು. ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಾಲಯಕ್ಕೆ ಈ ಪ್ರಕರಣಗಳು ಹೊಸವಲ್ಲ. ಜಮೀನು ವಾಪಸ್ ಕೇಳುವ ಅರ್ಜಿಯನ್ನು ಸಮಂಜಸವಾದ ಅವಧಿಯೊಳಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹಳೆಯ ಅರ್ಜಿಗಳು ಸಾಲಾಗಿ ಬಿದ್ದುಹೋದವು. ದಲಿತ ಸಂಘಟನೆಗಳು ದೀರ್ಘ ಧರಣಿ ಕೂತವು. 2023ರಲ್ಲಿ ತಿದ್ದುಪಡಿ ಬಂತು: ಅರ್ಜಿ ಹಾಕಲು ಕಾಲಮಿತಿ ಇಲ್ಲ. ಸಿಹಿ ಹಂಚಿದ್ದಾಯಿತು. ಮರುವರ್ಷ ಹೈಕೋರ್ಟ್ ವಿಭಾಗೀಯ ಪೀಠದ ಮುಂದೆ ಪ್ರಶ್ನೆ ಬಂದಾಗ, ಕಾಲಮಿತಿ ಬೇರೆ, ವಿವರಣೆಯಿಲ್ಲದ ಅತಿ ವಿಳಂಬ ಬೇರೆ ಎಂಬ ವಾದ ಗೆದ್ದಿತು. ತಿದ್ದುಪಡಿ ಮೊದಲನೆಯದನ್ನು ಮಾತ್ರ ಮುಟ್ಟಿತ್ತು. ಮಸೂದೆ ಸದನಕ್ಕೆ ಬರುವ ಮೊದಲು ಕರಡು ಹದಿನೈದು ದಿನ ಹೊರಗಿದ್ದಿದ್ದರೆ, ಈ ಪ್ರಕರಣಗಳನ್ನೇ ನಡೆಸುವ ಚಳ್ಳಕೆರೆಯ, ಹಿರಿಯೂರಿನ ವಕೀಲರೊಬ್ಬರು ಈ ಬಿರುಕನ್ನು ತೋರಿಸಿಕೊಡುತ್ತಿದ್ದರು ಎಂದೇ ನನ್ನ ನಂಬಿಕೆ.

ಮಸೂದೆ ಓದುವುದು ಕಷ್ಟ ಎನ್ನುವವರಿಗೆ ಒಂದು ಅಡ್ಡದಾರಿ. ಪೂರ್ತಿ ಓದಬೇಡಿ. ಕೊನೆಯಲ್ಲಿರುವ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಮೊದಲು ಓದಿ. ಸರ್ಕಾರ ಏನೆಂದು ಹೇಳಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಆಮೇಲೆ ಆರ್ಥಿಕ ಜ್ಞಾಪನ ಪತ್ರ. ಹಣವಿಟ್ಟಿದ್ದಾರೋ ಬರೀ ಮಾತೋ ಎಂದು ತಿಳಿಯುತ್ತದೆ. ಆಮೇಲೆ 'ಪರಂತು' ಎಂದು ಶುರುವಾಗುವ ಪ್ಯಾರಾಗಳು, ಯಾಕೆಂದರೆ ಮೇಲೆ ಕೊಟ್ಟದ್ದನ್ನು ಕೆಳಗೆ ಕಸಿದುಕೊಳ್ಳುವುದು ಅಲ್ಲೇ. ಮಸೂದೆಗಳು, ಕಾಯ್ದೆಗಳು ಶಾಸನ ರಚನಾ ಇಲಾಖೆಯ ಜಾಲತಾಣದಲ್ಲಿ, ರಾಜ್ಯಪತ್ರ ಅದರದ್ದೇ ತಾಣದಲ್ಲಿ ಸಿಗುತ್ತವೆ. ಮೊಬೈಲಿನಲ್ಲಿ ತೆರೆದರೆ ಕಣ್ಣು ನೋಯುತ್ತದೆ, ಅದು ಬೇರೆ ಮಾತು.

ಸದನ ಸಮಿತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಜಿಗಳ ಸಮಿತಿ, ಭರವಸೆಗಳ ಸಮಿತಿ, ನಿಯಮಗಳನ್ನು ಪರಿಶೀಲಿಸುವ ಅಧೀನ ಶಾಸನ ರಚನಾ ಸಮಿತಿ ಇವೆ; ಶಾಸಕರ ಮೂಲಕ ಹೋದರೆ ಕೆಲಸ ಸಲೀಸು. ಮಸೂದೆಯೊಂದು ಸಮಿತಿಗೆ ಹೋದರೆ ಏನಾಗಬಹುದು ಎಂಬುದನ್ನು ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ತೋರಿಸಿತು. 2024ರ ಜುಲೈನಲ್ಲಿ ಮಂಡನೆಯಾಗಿ, ಜಂಟಿ ಪರಿಶೀಲನಾ ಸಮಿತಿಗೆ ಹೋಗಿ, ಜನರ ಅಭಿಪ್ರಾಯ ಕೇಳಿ, 2025ರ ಮಾರ್ಚ್‌ನಲ್ಲಿ ಪಾಸಾಯಿತು. ಆ ಭಾಗ್ಯ ಬೆಂಗಳೂರಿನ ಮಸೂದೆಗೆ ಬಂತು. ಬೆಂಗಳೂರಿಗೂ ಬೆಳಗಾವಿಗೂ ಹೆಚ್ಚುಕಡಿಮೆ ಸಮದೂರದಲ್ಲಿರುವ, ಎರಡೂ ವಿಧಾನಸೌಧಗಳ ನಡುವಿನ ಹೆದ್ದಾರಿಯ ಮೇಲೇ ಕೂತಿರುವ ದಾವಣಗೆರೆಯಲ್ಲಿ ಇಳಿದು, ನೀರಾವರಿಯ ಬಗ್ಗೆಯೋ ಮಾರುಕಟ್ಟೆಯ ಬಗ್ಗೆಯೋ ಬಹಿರಂಗ ಸಭೆ ಮಾಡಿ ಎಂದು ಸಮಿತಿಯೊಂದನ್ನು ಕೇಳುವುದು ದುಬಾರಿ ಬೇಡಿಕೆಯೇನಲ್ಲ.

ರಾಜ್ಯಪಾಲರ ಬಾಗಿಲಿಗೆ ಹೋಗುವವರೂ ಇದ್ದಾರೆ. 200ನೇ ವಿಧಿಯಡಿ ಅವರು ಒಪ್ಪಬಹುದು, ಹಿಂದಿರುಗಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಇದಕ್ಕೆ ನ್ಯಾಯಾಲಯ ಗಡುವು ಹಾಕಲಾಗದು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿದೆ. ನನಗೆ ಆ ಬಾಗಿಲ ಮೇಲೆ ಭರವಸೆ ಕಮ್ಮಿ. ಸದನದಲ್ಲಿ ಸೋತವರು ರಾಜಭವನದಲ್ಲಿ ಗೆಲ್ಲುವುದು ಇವತ್ತು ಒಬ್ಬರಿಗೆ ಅನುಕೂಲ, ನಾಳೆ ಇನ್ನೊಬ್ಬರಿಗೆ.

ಹತ್ತಿರದಲ್ಲಿರುವ ಅವಕಾಶ ಬೇರೆ ಇದೆ. ಆಗ್ನೇಯ ಪದವೀಧರರ ಕ್ಷೇತ್ರಕ್ಕೆ 2020ರ ಅಕ್ಟೋಬರ್‌ನಲ್ಲಿ ಮತದಾನವಾಗಿತ್ತು. ಆರು ವರ್ಷದ ಲೆಕ್ಕದಲ್ಲಿ 2026ರಲ್ಲಿ ಮತ್ತೆ ಆಗಬೇಕು. ಈ ಮತದಾರರ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಹಳೆಯ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಪದವಿ ಮುಗಿದು ಮೂರು ವರ್ಷವಾದ ಯಾರೂ ನಮೂನೆ 18 ತುಂಬಿ ಸೇರಬಹುದು. ಸೇರುವವರು ಕಮ್ಮಿ ಇರುವುದರಿಂದಲೇ ಒಂದೊಂದು ಹೆಸರಿಗೂ ತೂಕ ಹೆಚ್ಚು. ಅಭ್ಯರ್ಥಿಗಳು ಕಾಲೇಜು, ಬ್ಯಾಂಕು, ಕೋರ್ಟ್ ಆವರಣಕ್ಕೆ ಬಂದಾಗ ಪಿಂಚಣಿ, ಅನುದಾನದ ಮಾತು ಇದ್ದೇ ಇರುತ್ತದೆ. ಕರಡು ಮಸೂದೆಗಳು ಕನ್ನಡದಲ್ಲಿ ಮೂವತ್ತು ದಿನ ಮೊದಲೇ ಜನರ ಮುಂದೆ ಬರಬೇಕು, ಬಂದ ಆಕ್ಷೇಪಣೆಗಳನ್ನು ಸದನದ ಮುಂದಿಡಬೇಕು ಎಂದು ಪರಿಷತ್ತಿನಲ್ಲಿ ಖಾಸಗಿ ಮಸೂದೆ (ಸರ್ಕಾರವಲ್ಲದೆ ಸದಸ್ಯರೇ ತರುವ ಮಸೂದೆ) ಮಂಡಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ತೆಗೆದುಕೊಳ್ಳಬಹುದು.